ಚೆಂಡಿಲ್ಲದವನ ಅಡ್ಡಗಾಲು

ಕೊಡಗಿನ ಬೇಸಗೆಯ ಒಂದು ಅಪರಾಹ್ನ. ಮೈದಾನದ ಸುತ್ತ ಜನ ಕಿಕ್ಕಿರಿದಿದ್ದಾರೆ. ಎರಡು ಮನೆತನಗಳ ನಡುವೆ ಹಾಕಿ ಪಂದ್ಯ. ಮುಗಿಯಲು ಎರಡೇ ನಿಮಿಷ ಉಳಿದಿದೆ. ತರುಣನೊಬ್ಬ ಚೆಂಡನ್ನು ಕೋಲಿಗೆ ಅಂಟಿಸಿಕೊಂಡವನಂತೆ ಬಲಬದಿಯಿಂದ ನುಗ್ಗುತ್ತಾನೆ. ಅವನ ಚಿಕ್ಕಪ್ಪನ ಮಗ ಓರೆಯಾಗಿ ಓಡಿಬಂದು ಎದುರಾಳಿ ರಕ್ಷಕನ ಮುಂದೆಯೇ ಹಾದುಹೋಗುತ್ತಾನೆ. ರಕ್ಷಕನ ಹೆಜ್ಜೆ ಕ್ಷಣಕಾಲ ತಡೆಯುತ್ತದೆ. ಅಷ್ಟರಲ್ಲಿ ಚೆಂಡು ಗೋಲಿನೊಳಗೆ! ಒಂದು ಕಡೆ ಹರ್ಷೋದ್ಗಾರ, ಇನ್ನೊಂದು ಕಡೆ “ಅಬ್‌ಸ್ಟ್ರಕ್ಷನ್!” ಎಂಬ ಕೂಗು. ಸಾವಿರಾರು ಕಣ್ಣುಗಳು ಸೀಟಿ ಹಿಡಿದವನ ಮೇಲೆ ನೆಡುತ್ತವೆ.

ಇದು ಊಹೆಯ ಚಿತ್ರವೇ ಸರಿ. ಆದರೆ ಕೊಡವ ಕುಟುಂಬಗಳ ಹಾಕಿ ಉತ್ಸವವನ್ನು ಕಂಡವರಿಗೆ ಇದೇನೂ ಅಪರಿಚಿತವಲ್ಲ. 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬಗಳೊಡನೆ ಈ ಉತ್ಸವವನ್ನು ಆರಂಭಿಸಿದ ಪಾಂಡಂಡ ಕುಟ್ಟಪ್ಪನವರು ಸ್ವತಃ ಹಾಕಿ ತೀರ್ಪುಗಾರರಾಗಿದ್ದವರು. 2024ರಲ್ಲಿ ಕುಂಡ್ಯೋಳಂಡ ಕುಟುಂಬವು ನಾಪೋಕ್ಲುವಿನಲ್ಲಿ ನಡೆಸಿದಾಗ ಪಾಲ್ಗೊಂಡ ಕುಟುಂಬಗಳ ಸಂಖ್ಯೆ 360. ಹೆಂಗಸರು ಗಂಡಸರೆನ್ನದೆ, ಹಿರಿಯರು ಕಿರಿಯರೆನ್ನದೆ ಒಂದೇ ತಂಡದಲ್ಲಿ ಆಡುವ ಈ ಕೂಟದಲ್ಲಿ ಸೋತವರಿಗೆ ಮರುವರ್ಷದವರೆಗೆ ಕಾಯುವುದೊಂದೇ ದಾರಿ. ಒಂದು ಸೀಟಿಯ ಬೆಲೆ ಎಷ್ಟೆಂಬುದನ್ನು ಇದರಿಂದಲೇ ಅಳೆಯಬಹುದು. ಸೀಟಿ ಊದುವಾತನಾದರೋ ಮರುದಿನ ಸಂತೆಯಲ್ಲಿ ಅದೇ ಮುಖಗಳನ್ನು ನೋಡಬೇಕಾದವನು!

ಹಾಗಾದರೆ ಆ ತಮ್ಮನ ಓಟ ತಪ್ಪೇ?

ರಗ್ಬಿ ಆಟದಲ್ಲಿಯೂ ಇದೇ ಜಗಳವುಂಟು. ಆದರೆ ಅಲ್ಲಿ ಚೆಂಡು ಹಿಡಿದವನಿಗಿಂತ ಮುಂದಿರುವ ಜೊತೆಗಾರ ಆಫ್‌ಸೈಡ್. ಮುಂದೆ ನಿಂತು ಎದುರಾಳಿಗೆ ಅಡ್ಡಬಂದರೆ ಅವನ ತಪ್ಪು ಬೇಗನೆ ಬಯಲಾಗುತ್ತದೆ. ಹಾಕಿಯಲ್ಲಿ 1998ರ ಹೊತ್ತಿಗೆ ಆಫ್‌ಸೈಡ್ ನಿಯಮವೇ ರದ್ದಾಯಿತು. ಜೊತೆಗಾರನು ಚೆಂಡಿಗಿಂತ ಎಷ್ಟು ಮುಂದೆ ಬೇಕಾದರೂ ಓಡಬಹುದು, ಎಲ್ಲಿ ಬೇಕಾದರೂ ನಿಲ್ಲಬಹುದು. ಆದುದರಿಂದ ಓಟವು ಸಹಾಯವಾಗುವುದೆಲ್ಲಿ, ಅಡ್ಡಗಾಲಾಗುವುದೆಲ್ಲಿ ಎಂದು ಗೆರೆಯೆಳೆಯುವುದು ಇಲ್ಲಿ ಹೆಚ್ಚು ಸೂಕ್ಷ್ಮ.

ನಿಯಮದ ಮಾತು ಸರಳವಾಗಿಯೇ ಇದೆ. ಚೆಂಡನ್ನು ಆಡಲು ಯತ್ನಿಸುತ್ತಿರುವ ಎದುರಾಳಿಯ ಮುಂದೆ ಓಡಿ, ಅಥವಾ ಅವನನ್ನು ತಡೆದು, ಅವನು ನ್ಯಾಯವಾಗಿ ಚೆಂಡನ್ನು ಆಡದಂತೆ ಮಾಡುವುದು ಅಡಚಣೆ. ಚೆಂಡಿರುವವನೂ ಅಲ್ಲದೆ, ಅದನ್ನು ಕಸಿಯಹೊರಟವನೂ ಅಲ್ಲದೆ, ನಡುವೆ ಬಂದವನು ಮಾಡುವುದರಿಂದ ಇದಕ್ಕೆ ‘ಥರ್ಡ್ ಪಾರ್ಟಿ’ ಅಡಚಣೆಯೆಂದು ಹೆಸರು. ಕಷ್ಟವೆಲ್ಲ ಇರುವುದು ‘ಆಡಲು ಯತ್ನಿಸುತ್ತಿರುವ’ ಎಂಬ ಪದಗಳಲ್ಲಿ. ಚೆಂಡು ಇಪ್ಪತ್ತು ಗಜ ದೂರವಿರುವಾಗ ಎದುರಾಳಿಯ ಬೆನ್ನಿಗೆ ಢಿಕ್ಕಿ ಹೊಡೆದು ಕೈಯೆತ್ತಿ ಕೂಗುವ ಜಾಣ ರಕ್ಷಕರಿಗೇನೂ ಕೊರತೆಯಿಲ್ಲ. ಅಂಥವರಿಗೆ ಅಂಪೈರ್ ಸೀಟಿ ಊದಬೇಕಾಗಿಲ್ಲ. ಚೆಂಡನ್ನು ಆಡಬಲ್ಲ ದೂರಕ್ಕೆ ಬಂದು, ಕೋಲು ಚಾಚುವ ಸ್ಥಾನಕ್ಕೆ ತಲುಪಿ, ನಿಜವಾಗಿ ಪ್ರಯತ್ನಿಸಿದವನಿಗೆ ಮಾತ್ರ ನ್ಯಾಯ ಬೇಡುವ ಹಕ್ಕುಂಟು.

ಇನ್ನು ಓಡುವವನ ಮನಸ್ಸಿನ ವಿಷಯ. “ನಾನು ಬೇಕೆಂದು ಅಡ್ಡ ಬರಲಿಲ್ಲ” ಎಂಬುದು ಎಲ್ಲ ಆಟಗಾರರ ಉತ್ತರ. ಉದ್ದೇಶವನ್ನು ಲೆಕ್ಕಿಸಬೇಕೆಂದು ವಾದಿಸುವವರೂ ಇಲ್ಲದಿಲ್ಲ. ಆದರೆ ತಪ್ಪು ತಪ್ಪೇ. ಬೇಕೆಂದು ಮಾಡಿದುದಾದರೆ ಶಿಕ್ಷೆಯ ತೂಕ ಹೆಚ್ಚೀತು, ಅಷ್ಟೆ. ಹಾಗೆಂದು ನೇರವಾಗಿ ತನ್ನ ದಾರಿಯಲ್ಲಿ ಓಡುತ್ತಿದ್ದವನ ಹಿಂದೆ ರಕ್ಷಕ ಸಿಕ್ಕಿಬಿದ್ದರೆ ಓಡಿದವನನ್ನು ದೂರುವುದು ಅನ್ಯಾಯ. ಕಣ್ಣಿಡಬೇಕಾದುದು ದಾರಿ ಬದಲಿಸಿದ ಹೆಜ್ಜೆಯ ಮೇಲೆ. ಚೆಂಡಿನ ಕಡೆಗಲ್ಲದೆ ಮನುಷ್ಯನ ಕಡೆಗೆ ಓಟ ತಿರುಗಿತೆಂದರೆ ಅಲ್ಲಿ ಏನೋ ಇದೆ!

ಪೆನಾಲ್ಟಿ ಕಾರ್ನರಿನಲ್ಲಂತೂ ಇದು ದೊಡ್ಡ ವಿದ್ಯೆಯಾಗಿಬಿಟ್ಟಿದೆ. ಕೊಡಗಿನವರೇ ಆದ ವಿ. ಆರ್. ರಘುನಾಥ್ ಅವರಂತಹ ಡ್ರ್ಯಾಗ್‌ಫ್ಲಿಕ್ ನಿಪುಣರ ಚೆಂಡು ಸಿಡಿಯುವ ಮುನ್ನ ಅದಕ್ಕೆದುರಾಗಿ ಗೋಲಿನಿಂದ ಹಾರಿಬರುವ ಮೊದಲ ರಕ್ಷಕನಿಗೆ ಸಿಗುವುದು ಒಂದೆರಡು ಸೆಕೆಂಡು ಮಾತ್ರ. ಅವನ ದಾರಿಯನ್ನು ಆಕ್ರಮಣಕಾರನೊಬ್ಬ ಅಡ್ಡಹಾಯ್ದರೆ ಆ ಸೆಕೆಂಡೂ ಹೋಯಿತು. ಈ ಬಗೆಯ ಓಟವನ್ನು ನಿಯಮವು ಹೆಸರಿಸಿಯೇ ನಿಷೇಧಿಸಿದೆ. ಗೋಲು ಸಲ್ಲದು, ರಕ್ಷಕರಿಗೆ ಫ್ರೀ ಹಿಟ್.

ವಿಶ್ವಕಪ್ಪಿನಂತಹ ಪಂದ್ಯಗಳಲ್ಲಿ ಸಂಶಯ ಪರಿಹಾರಕ್ಕೆ ವೀಡಿಯೋ ಅಂಪೈರ್ ಇರುತ್ತಾನೆ. ಹಳ್ಳಿಯ ಹುಲ್ಲಿನ ಮೈದಾನದಲ್ಲಿ ಎರಡು ಜೊತೆ ಕಣ್ಣುಗಳೇ ಗತಿ. ಗೋಲಿನ ಬಳಿಯ ಅಂಪೈರ್ ಚೆಂಡಿನಲ್ಲಿ ಮಗ್ನನಾಗಿರುವಾಗ, ಚೆಂಡಿಲ್ಲದವರ ಕಾಲುಗಳನ್ನು ಕಾಯುವ ಕೆಲಸ ದೂರದಲ್ಲಿರುವ ಅವನ ಜೊತೆಗಾರನದು. ಅವನು ಎದೆಯ ಮುಂದೆ ಮುಂಗೈಗಳನ್ನು ಅಡ್ಡಲಾಗಿ ಹಿಡಿದು, ಬಿಡಿಸಿ, ಮತ್ತೆ ಸೇರಿಸುತ್ತಾನೆ. ಅಡ್ಡ ಬಂದವನು ಮೂರನೆಯವನೆಂದು ಆ ಸನ್ನೆಯ ಅರ್ಥ. ಹರ್ಷೋದ್ಗಾರ ಆಗ ಮೈದಾನದ ಈ ಬದಿಯಿಂದ ಆ ಬದಿಗೆ ಹಾರುತ್ತದೆ.