ವಿದೇಶದ ಬೀಚಿಗೆ ಪತಂಗ: ಬ್ಯಾಗಿಗೆ ಏನು ಹಾಕಬೇಕು, ಏನನ್ನು ಮನೆಯಲ್ಲೇ ಬಿಡಬೇಕು?

ಜನವರಿ ಬಂತೆಂದರೆ ಬೆಳಗಾವಿಯ ಗಾಳಿಪಟ ಉತ್ಸವದ ವಿಡಿಯೊಗಳು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ವಾಟ್ಸಾಪ್ ಗುಂಪುಗಳಲ್ಲಿ ಸುತ್ತತೊಡಗುತ್ತವೆ. ಅದರ ಬೆನ್ನಿಗೇ ದುಬೈ, ಶ್ರೀಲಂಕಾ, ವಿಯೆಟ್ನಾಂ ಕಡಲಲ್ಲಿ ದೊಡ್ಡ ಪಟಕ್ಕೆ ತಮ್ಮನ್ನು ಕಟ್ಟಿಕೊಂಡು ನೀರಿನ ಮೇಲೆ ಜಾರುವವರ ರೀಲ್ಸ್. ಟ್ರಿಪ್ ಬುಕ್ ಮಾಡಿದವರಿಗೆ ‘ನಾವೂ ಒಂದು ಪತಂಗ ಒಯ್ಯೋಣ’ ಅನ್ನಿಸುವುದು ಸಹಜ. ಸಲಹೆಗಳಿಗೂ ಬರವಿಲ್ಲ. ‘ಕಡಲ ಗಾಳಿ ಜೋರು, ಚೀನಾ ಮಾಂಜಾವೇ ಬೇಕು’, ‘ಪಟ ದೊಡ್ಡದಾದಷ್ಟೂ ಚಲೋ’, ‘ಈಜು ಬಂದರೆ ಸಾಕು, ಉಳಿದದ್ದು ಅಲ್ಲೇ ಕಲಿಯಬಹುದು’. ಮೂರೂ ತಪ್ಪು. ಮೊದಲನೆಯದಂತೂ ಜೀವಕ್ಕೇ ಎರವಾಗುವಂಥದ್ದು.

ಕಡಲ ಗಾಳಿ ನಮ್ಮ ಗಾಳಿಗಿಂತ ಹೇಗೆ ಬೇರೆ?

ನಮ್ಮ ಕಡೆ ಗಾಳಿಗೇನೂ ಕೊರತೆಯಿಲ್ಲ. ಆಷಾಢದಲ್ಲಿ ಹೊಲದ ಬದುವಿನ ಮೇಲೆ ನಿಂತವರಿಗೆ ಅದು ಗೊತ್ತು. ಅಥಣಿ ದಾಟಿ ಜತ್ತದ ಕಡೆ ಹೋದರೆ ಗುಡ್ಡದ ಮೇಲೆ ಗಾಳಿಯಂತ್ರಗಳೇ ನಿಂತಿವೆ. ಆದರೆ ಊರೊಳಗಿನ ಗಾಳಿ ಮನೆ, ಮರ, ಗುಡ್ಡಗಳಿಗೆ ಬಡಿದು ಬರುವುದರಿಂದ ಒಮ್ಮೆ ಜಗ್ಗುತ್ತದೆ, ಒಮ್ಮೆ ಸತ್ತೇ ಹೋಗುತ್ತದೆ. ಕಡಲ ದಂಡೆಯಲ್ಲಿ ಹಾಗಲ್ಲ. ಹಗಲು ಬಿಸಿಲಿಗೆ ನೆಲ ನೀರಿಗಿಂತ ಬೇಗ ಕಾಯುತ್ತದೆ, ನೆಲದ ಮೇಲಿನ ಬಿಸಿಗಾಳಿ ಮೇಲೇರುತ್ತದೆ, ಆ ಜಾಗ ತುಂಬಲು ಸಮುದ್ರದ ತಂಪು ಗಾಳಿ ಒಳನುಗ್ಗುತ್ತದೆ. ನೀರಿನ ಮೇಲೆ ಅಡ್ಡ ಏನೂ ಇಲ್ಲದ್ದರಿಂದ ಈ ಗಾಳಿ ಒಂದೇ ಸಮನೆ ಬೀಸುತ್ತದೆ. ಮಧ್ಯಾಹ್ನದ ಮೇಲೆ ಜೋರು. ಗೋವಾದ ಮೋರಜಿಮ್ ದಂಡೆಯಲ್ಲಿ ಬೇಸಿಗೆಯಲ್ಲಿ ಕೈಟ್‌ಸರ್ಫಿಂಗ್ ನಡೆಯುವುದೂ ಇದೇ ಗಾಳಿಯ ನಂಬಿಕೆಯ ಮೇಲೆ. ನಿಪ್ಪಾಣಿಯವರಿಗೆ ಅಂಬೋಲಿ ಘಾಟ್ ಇಳಿದರೆ ಅದು ದೂರವೂ ಅಲ್ಲ.

ಈಗ ಲೆಕ್ಕ. ಗಾಳಿಯ ವೇಗ ಎರಡು ಪಟ್ಟಾದರೆ ಪಟದ ಮೇಲಿನ ಬಲ ನಾಲ್ಕು ಪಟ್ಟಾಗುತ್ತದೆ, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಗಂಟೆಗೆ 20 ಕಿ.ಮೀ. ಗಾಳಿ ಒಂದು ಚದರ ಮೀಟರ್ ಬಟ್ಟೆಯನ್ನು ಸುಮಾರು 2 ಕೆ.ಜಿ. ತೂಕದಷ್ಟು ಒತ್ತುತ್ತದೆ, 40 ಕಿ.ಮೀ. ಗಾಳಿ ಸುಮಾರು ಏಳೂವರೆ ಕೆ.ಜಿ.ಯಷ್ಟು. ಅರ್ಧ ಮೀಟರ್ ಉದ್ದಗಲದ ನಮ್ಮ ಕಾಗದದ ಪತಂಗಕ್ಕೆ ಇದನ್ನು ಹಾಕಿ ನೋಡಿ: 20 ಕಿ.ಮೀ. ಗಾಳಿಯಲ್ಲಿ ಅದು ದಾರವನ್ನು ಜಗ್ಗುವುದು ಬರೀ ಅರ್ಧ ಕೆ.ಜಿ.ಯಷ್ಟು! ಅದನ್ನು ಹಿಡಿಯಲು ಎರಡು ಮೂರು ಎಳೆ ಹೊಸೆದ ಹತ್ತಿ ದಾರ ಸಾಕು. ಒಂದು ಚದರ ಮೀಟರ್‌ನ ಬಟ್ಟೆ ಪಟ ಒಯ್ದರೂ 30 ಕಿ.ಮೀ. ಗಾಳಿಗೆ ಎಳೆತ ನಾಲ್ಕು ಕೆ.ಜಿ. ಆಸುಪಾಸು. ದಿಢೀರನೆ ಬೀಸುವ ಜೋರು ಗಾಳಿ ಲೆಕ್ಕಕ್ಕೆ ಹಿಡಿದರೂ 20-25 ಕೆ.ಜಿ. ತಡೆಯುವ ಸಾದಾ ಪಾಲಿಯೆಸ್ಟರ್ ದಾರ ಧಾರಾಳವಾಯಿತು. ಅಂದರೆ ಗಟ್ಟಿತನಕ್ಕಾಗಿ ಚೀನಾ ಮಾಂಜಾ ಬೇಕು ಎಂಬ ಮಾತಿಗೆ ಬುಡವೇ ಇಲ್ಲ.

ಹಾಗಾದರೆ ಮಾಂಜಾ ಇರುವುದೇತಕ್ಕೆ?

ಇನ್ನೊಬ್ಬರ ದಾರ ಕೊಯ್ಯುವುದಕ್ಕೆ. ಅಷ್ಟೇ. ಬೀಚಿನಲ್ಲಿ ಪಟ ಹಾರಿಸುವವರು ಯಾರೂ ನಿಮ್ಮೊಡನೆ ಪೇಚು ಹಾಕುವುದಿಲ್ಲ. ಅಲ್ಲಿ ಅದರಿಂದ ಕೊಯ್ಯುವುದು ಪಕ್ಕದಲ್ಲಿ ಓಡಾಡುವ ಮಕ್ಕಳ ಚರ್ಮವನ್ನೇ.

‘ಚೀನಾ ಮಾಂಜಾ’ ಅಂದರೆ ಚೀನಾದಿಂದಲೇ ಬಂದದ್ದು ಅಂತಲ್ಲ. ನೈಲಾನಿನಂಥ ಒಂಟಿ ಎಳೆಗೆ ಗಾಜು ಅಥವಾ ಲೋಹದ ಪುಡಿ ಮೆತ್ತಿದ ದಾರಕ್ಕೆಲ್ಲ ಈಗ ಅದೇ ಹೆಸರು. ಹತ್ತಿ ದಾರ ಕುತ್ತಿಗೆಗೆ ಸಿಕ್ಕರೆ ಹರಿದು ಹೋಗಬಹುದು, ಇದು ಹರಿಯುವುದಿಲ್ಲ. 3 ಸೆಂ.ಮೀ. ಅಗಲದ ಬೆಲ್ಟು ಮತ್ತು 0.3 ಮಿ.ಮೀ. ದಪ್ಪದ ದಾರ, ಎರಡನ್ನೂ ಒಂದೇ ಬಲದಿಂದ ಜಗ್ಗಿದರೆ ದಾರದ ಅಡಿಯ ಚರ್ಮದ ಮೇಲೆ ಬೀಳುವ ಒತ್ತಡ ನೂರು ಪಟ್ಟು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬರುವ ಬೈಕು ಒಂದು ಸೆಕೆಂಡಿಗೆ 11 ಮೀಟರ್ ಮುಂದೆ ಹೋಗಿರುತ್ತದೆ. ದಾರ ಕಂಡು ಬ್ರೇಕ್ ಹಾಕುವಷ್ಟು ಸಮಯ ಸವಾರನಿಗೆ ಸಿಗುವುದಿಲ್ಲ. 2022ರ ದೀಪಾವಳಿ ಹೊತ್ತಿಗೆ ಬೆಳಗಾವಿ ನಗರದಲ್ಲಿ ತಂದೆಯ ಜೊತೆ ಬೈಕಿನಲ್ಲಿ ಹೋಗುತ್ತಿದ್ದ ಪುಟ್ಟ ಹುಡುಗನೊಬ್ಬ ಕುತ್ತಿಗೆಗೆ ಮಾಂಜಾ ಸಿಕ್ಕಿ ತೀರಿಹೋದದ್ದು ನಮ್ಮ ಜಿಲ್ಲೆಯವರಿಗೆ ಮರೆತಿರಲಿಕ್ಕಿಲ್ಲ. ಅದಕ್ಕೂ ಐದು ವರ್ಷ ಮೊದಲೇ, 2017ರ ಜುಲೈನಲ್ಲಿ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನೈಲಾನ್ ಮತ್ತು ಇತರ ಸಿಂಥೆಟಿಕ್ ಮಾಂಜಾವನ್ನು ದೇಶದಾದ್ಯಂತ ನಿಷೇಧಿಸಿತ್ತು. ಲೋಹದ ಪುಡಿಯ ದಾರ ಹೆಸ್ಕಾಂ ತಂತಿಗೆ ತಾಗಿದರೆ ಕರೆಂಟು ಹಿಡಿದವರ ಕೈಗೇ ಇಳಿಯಬಹುದು ಎಂಬುದು ಬೇರೆ.

ಆದ್ದರಿಂದ ಮನೆಯಲ್ಲಿರುವ ಫಿರ್ಕಿಯನ್ನು ಹಾಗೇ ಸೂಟ್‌ಕೇಸಿಗೆ ತುರುಕಬೇಡಿ. ಅದರಲ್ಲಿ ಯಾವ ದಾರವಿದೆ, ಮೊದಲು ನೋಡಿ. ಚೀನಾ ಮಾಂಜಾ ಇದ್ದರೆ ತುಂಡು ತುಂಡು ಮಾಡಿ ಕಸಕ್ಕೆ ಹಾಕಿ. ಹಾಗೇ ಎಸೆದರೆ ಹಕ್ಕಿಯ ಕಾಲಿಗೋ ದನದ ಬಾಯಿಗೋ ಹೋಗುತ್ತದೆ.

ಸುಮ್ಮನೆ ಹಾರಿಸಲು ಎಂಥ ಪಟ?

ಕಾಗದ ಮತ್ತು ಬಿದಿರು ಕಡ್ಡಿಯ ಪತಂಗ ವಿಮಾನದ ಬ್ಯಾಗಿನಲ್ಲಿ ಮುರಿಯುತ್ತದೆ, ಕಡಲ ತೇವಕ್ಕೆ ಮೆತ್ತಗಾಗುತ್ತದೆ. ಕಡ್ಡಿಯೇ ಇಲ್ಲದ ಬಟ್ಟೆಯ ಪಟ ಒಯ್ಯುವುದು ಜಾಣತನ. ಗಾಳಿ ಅದರ ಚೀಲಗಳೊಳಗೆ ತುಂಬಿಕೊಂಡು ಆಕಾರ ಕೊಡುತ್ತದೆ, ಇಳಿಸಿ ಮಡಚಿದರೆ ಕೈಚೀಲದಷ್ಟು. ಮಂಗಳೂರಿನ ‘ಟೀಮ್ ಮಂಗಳೂರು’ ತಂಡದವರು ಕಥಕ್ಕಳಿಯಂಥ ದೊಡ್ಡ ಪಟಗಳನ್ನು ಹೊರದೇಶದ ಉತ್ಸವಗಳಿಗೆ ಒಯ್ದು ಹಾರಿಸಿದ್ದಾರೆ. ಬಟ್ಟೆ ಮಡಚಲು ಬರುವುದರಿಂದಲೇ ಅದು ಸಾಧ್ಯ. ಜೊತೆಗೆ ಬಾಲಂಗೋಚಿ ಒಂದು ಹೆಚ್ಚುವರಿ ಇರಲಿ, ಗಾಳಿ ಜೋರಾದಾಗ ಪಟ ಗಿರಗಿರ ತಿರುಗದಂತೆ ಅದು ತಡೆಯುತ್ತದೆ. ಕೈಗವಸು ಮರೆಯಬೇಡಿ. ಸಾದಾ ದಾರವೂ ವೇಗವಾಗಿ ಜಾರಿದರೆ ಬೆರಳು ಸುಡುತ್ತದೆ.

ಅಂದಹಾಗೆ, ನಮ್ಮ 1934ರ ವಿಮಾನ ಕಾಯ್ದೆ ಗಾಳಿಪಟವನ್ನೂ ವಿಮಾನಗಳ ಸಾಲಿಗೇ ಸೇರಿಸಿತ್ತು! ಬ್ರಿಟನ್‌ನಲ್ಲಿ ಅನುಮತಿಯಿಲ್ಲದೆ 60 ಮೀಟರ್‌ಗಿಂತ ಮೇಲೆ ಪಟ ಹಾರಿಸುವಂತಿಲ್ಲ. ಹೋಗುವ ದೇಶದ ನಿಯಮವನ್ನು ಹೋಟೆಲಿನವರ ಹತ್ತಿರ ಕೇಳಿ. ವಿಮಾನ ನಿಲ್ದಾಣದ ಹತ್ತಿರವಂತೂ ಎಲ್ಲಿಯೂ ಬೇಡ.

ಕೈಟ್‌ಸರ್ಫಿಂಗ್ ಬೇರೆಯೇ ಆಟ

ಇಲ್ಲಿ ಪಟವೇ ನಿಮ್ಮನ್ನು ಎಳೆಯುತ್ತದೆ. ಮೇಲಿನ ಲೆಕ್ಕವನ್ನು 10 ಚದರ ಮೀಟರ್ ಪಟಕ್ಕೆ ಹಾಕಿ: 40 ಕಿ.ಮೀ. ಗಾಳಿಯಲ್ಲಿ ಸುಮಾರು 75 ಕೆ.ಜಿ. ಅಂದರೆ ಒಬ್ಬ ಗಂಡಾಳಿನ ತೂಕ. ಇದು ಪಟ ಒಂದೇ ಕಡೆ ನಿಂತಿದ್ದಾಗಿನ ಮಾತು, ಆಕಾಶದಲ್ಲಿ ಅದು ಅತ್ತಿತ್ತ ನುಗ್ಗುವಾಗ ಎಳೆತ ಇನ್ನೂ ಹೆಚ್ಚು. ಹೀಗಾಗಿ ‘ದೊಡ್ಡದಾದಷ್ಟೂ ಚಲೋ’ ಎಂಬ ಮಾತು ಇಲ್ಲಿ ಅಪಾಯಕಾರಿ. 75 ಕೆ.ಜಿ. ತೂಕದವರಿಗೆ ಗಂಟೆಗೆ 28 ಕಿ.ಮೀ. ಗಾಳಿಯಿದ್ದರೆ ಸುಮಾರು 11 ಚದರ ಮೀಟರ್ ಪಟ ಸರಿ, 46 ಕಿ.ಮೀ. ಗಾಳಿಯಿದ್ದರೆ 7 ಚದರ ಮೀಟರ್ ಸಾಕು. ಗಾಳಿ ಹೆಚ್ಚಿದಂತೆ ಪಟ ಚಿಕ್ಕದಾಗಬೇಕು. ಅನುಭವಿಗಳು ಎರಡು ಮೂರು ಅಳತೆಯ ಪಟ ಹೊತ್ತುಕೊಂಡು ಹೋಗುವುದು ಇದಕ್ಕೇ.

ಮೊದಲ ಸಲ ಹೋಗುವವರಿಗೆ ನಮ್ಮ ಸಲಹೆ ನೇರ: ಪಟ, ಹಲಗೆ ಏನನ್ನೂ ಕೊಳ್ಳಬೇಡಿ. ಕಲಿಸುವ ಶಾಲೆಯಲ್ಲೇ ಅವು ಸಿಗುತ್ತವೆ. ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುವ ಹಳೆಯ ಸೆಟ್ಟುಗಳ ಆಸೆಗೆ ಬೀಳಬೇಡಿ. ಒಂದೇ ತಳ್ಳಿಗೆ ಪಟದ ಎಳೆತ ಬಿಡಿಸುವ ‘ಕ್ವಿಕ್ ರಿಲೀಸ್’ ಸರಿಯಾಗಿ ಕೆಲಸ ಮಾಡದಿದ್ದರೆ ಅಂಥ ಸೆಟ್ಟು ಬಿಟ್ಟಿ ಸಿಕ್ಕರೂ ಬೇಡ. ನೀವು ಒಯ್ಯಬೇಕಾದದ್ದು ಮೈಗೆ ಹತ್ತುವಂಥವು: ತಲೆಗೆ ಸರಿಹೊಂದುವ ಹೆಲ್ಮೆಟ್, ಬಿಸಿಲು ತಡೆಯುವ ತೋಳುದ್ದದ ಈಜು ಅಂಗಿ, ಒಂದು ಸೀಟಿ, ನೀರಿಗಿಳಿಯುವ ಶೂ. ಅಥಣಿಯ ಚರ್ಮದ ಚಪ್ಪಲಿ ಎಷ್ಟೇ ಚೆಂದವಿದ್ದರೂ ಉಪ್ಪುನೀರಿಗೆ ಅಲ್ಲ.

ಸೀಸನ್ ನೋಡದೆ ಟಿಕೆಟ್ ಮಾಡಿಸುವವರೂ ಇದ್ದಾರೆ. ಶ್ರೀಲಂಕಾದ ಕಲ್ಪಿಟಿಯದಲ್ಲಿ ಮೇಯಿಂದ ಅಕ್ಟೋಬರ್‌ವರೆಗೆ ಗಾಳಿ ಜೋರು, ಡಿಸೆಂಬರಿನಿಂದ ಮಾರ್ಚ್‌ವರೆಗೆ ಇನ್ನೊಂದು ಸೀಸನ್. ಮಕ್ಕಳ ರಜೆ ಅಂತ ಏಪ್ರಿಲ್‌ನಲ್ಲಿ ಹೋದರೆ ಗಾಳಿ ನಂಬುವಂತಿಲ್ಲ.

ಇನ್ನು ಈಜಿನ ಮಾತು. ಕೃಷ್ಣಾ ಹೊಳೆಯಲ್ಲಿ ಈಜಿ ಬೆಳೆದವರು ಕುಡಚಿ, ಉಗಾರದ ಕಡೆ ಬೇಕಾದಷ್ಟು ಜನ. ಆದರೆ ಹೊಳೆಯಲ್ಲಿ ಎರಡೂ ಬದಿ ದಡವಿದೆ. ಗಾಳಿ ನೆಲದಿಂದ ಸಮುದ್ರದ ಕಡೆ ಬೀಸುತ್ತಿದ್ದರೆ ಪಟ ನಿಮ್ಮನ್ನು ಆಳ ಕಡಲಿಗೇ ಒಯ್ಯುತ್ತದೆ, ಎಂಥ ಈಜುಗಾರನೂ ಅದರ ಎದುರು ಮರಳಲಾರ. ಒಂದು ಹಿಡಿ ಒಣ ಮರಳು ಮೇಲಿಂದ ಬಿಡಿ. ಅದು ನೀರಿನ ಕಡೆ ಹಾರಿದರೆ ಆ ದಿನ ದಡದಲ್ಲೇ ಇರಿ. ಪಟ ಹಾರಿಸುವವರ ದಾರಗಳ ನಡುವೆ ಫೋಟೊಗೆಂದು ನಿಲ್ಲುವುದೂ ಬೇಡ, ಬಿಗಿದ ದಾರ ಗಾಜಿಲ್ಲದೆಯೂ ಕೊಯ್ಯುತ್ತದೆ.

ವಿಮಾನ ನಿಲ್ದಾಣದಲ್ಲಿ

ಪಟ ಒಯ್ಯಲು ಅಡ್ಡಿಯಿಲ್ಲ. ಸ್ವಂತ ಕೈಟ್‌ಸರ್ಫಿಂಗ್ ಸೆಟ್ಟು ಇದ್ದವರು ಮಾತ್ರ ಟಿಕೆಟ್ ಮಾಡಿಸುವ ಮೊದಲೇ ಕ್ರೀಡಾ ಸಾಮಾನಿನ ತೂಕ, ಉದ್ದ, ದರ ಕೇಳಿಕೊಳ್ಳಬೇಕು, ಕಂಪನಿಯಿಂದ ಕಂಪನಿಗೆ ಅದು ಬೇರೆ. ದಾರ ಕತ್ತರಿಸುವ ಚಾಕು, ಪಾನಾ, ಉದ್ದ ಕಡ್ಡಿಗಳು ಚೆಕ್-ಇನ್ ಬ್ಯಾಗಿಗೆ. ಪವರ್ ಬ್ಯಾಂಕ್ ಕೈಬ್ಯಾಗಿನಲ್ಲೇ ಇರಬೇಕು, ಚೆಕ್-ಇನ್‌ನಲ್ಲಿ ನಡೆಯದು. ಪಟದ ತೇಪೆಗೆಂದು ರಬ್ಬರ್ ಅಂಟಿನ ಡಬ್ಬಿ ಬೇಡ, ಅದು ಬೆಂಕಿ ಹೊತ್ತುವ ವಸ್ತು. ಅಂಟುಪಟ್ಟಿಯ ಸುರುಳಿ ಸಾಕು.

ಬರುವಾಗ ಪಟ, ದಾರ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ ಮಡಚಿ. ಒದ್ದೆ ಬಟ್ಟೆ ಬೂಷ್ಟು ಹಿಡಿಯುವುದಷ್ಟೇ ಅಲ್ಲ, ಉಪ್ಪು, ಮರಳು, ನೀರು ಸೇರಿ ಬ್ಯಾಗಿನ ತೂಕವೂ ಏರಿ ಕೌಂಟರಿನಲ್ಲಿ ಹೆಚ್ಚುವರಿ ದುಡ್ಡು ಕಟ್ಟಬೇಕಾಗುತ್ತದೆ.