ಮಾಟುಂಗದ ಬಾಳೆಲೆ, ಬಂಧುಬಳಗದ ಸುದ್ದಿ

ಎರಡು ದಿನದ ಮಟ್ಟಿಗೆ ಮುಂಬೈಗೆ ಹೊರಟ ಕರಾವಳಿಯವರಿಗೆ ಟಿಕೇಟು ಸಿಗುವುದಕ್ಕಿಂತ ಕಷ್ಟದ ಪ್ರಶ್ನೆ ಒಂದಿದೆ: ಯಾರ ಮನೆಗೆ ಹೋಗುವುದು, ಯಾರ ಮನೆ ಬಿಡುವುದು? ದೊಡ್ಡಮ್ಮ ಡೊಂಬಿವಲಿಯಲ್ಲಿ, ಚಿಕ್ಕಪ್ಪ ಮೀರಾರೋಡಿನಲ್ಲಿ, ಸೋದರತ್ತೆಯ ಮಗ ನೆರೂಲಿನಲ್ಲಿ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಿಬರುವಷ್ಟರಲ್ಲಿ ಅರ್ಧ ದಿನ ಲೋಕಲ್ ರೈಲಿನಲ್ಲೇ ಕಳೆದುಹೋಗುತ್ತದೆ. ಒಬ್ಬರಲ್ಲಿಗೆ ಹೋಗಿ ಮತ್ತೊಬ್ಬರಲ್ಲಿಗೆ ಹೋಗದಿದ್ದರೆ ಆ ಮಾತು ಮುಂದಿನ ಮದುವೆಯ ಚಪ್ಪರದಲ್ಲಿ ಬಂದೇ ಬರುತ್ತದೆ. ಈ ಇಕ್ಕಟ್ಟಿಗೆ ಮುಂಬೈಯ ನಮ್ಮವರು ಬಹಳ ಹಿಂದೆಯೇ ದಾರಿ ಕಂಡುಕೊಂಡಿದ್ದಾರೆ. "ಎಲ್ಲರೂ ಮಾಟುಂಗಕ್ಕೆ ಬನ್ನಿ. ರಾಮ ನಾಯಕರಲ್ಲಿ ಊಟ ಮಾಡುವ."

ಮಾಟುಂಗವೇ ಏಕೆ ಎಂದರೆ ರೈಲಿನ ನಕ್ಷೆ ನೋಡಬೇಕು. ಮಧ್ಯ ರೈಲ್ವೆಯ ಮಾಟುಂಗ, ಪಶ್ಚಿಮ ರೈಲ್ವೆಯ ಮಾಟುಂಗ ರೋಡ್, ಹಾರ್ಬರ್ ಮಾರ್ಗದ ಕಿಂಗ್ಸ್ ಸರ್ಕಲ್ ಮೂರೂ ನಡೆದು ತಲುಪುವಷ್ಟು ಹತ್ತಿರ. ಡೊಂಬಿವಲಿ, ಕಲ್ಯಾಣದವರು ಮೊದಲನೆಯದರಲ್ಲಿ ಇಳಿಯುತ್ತಾರೆ. ವಿರಾರ್, ಭಾಯಂದರ್, ಬೊರಿವಲಿಯವರು ಮಾಟುಂಗ ರೋಡಿನಲ್ಲಿ ಇಳಿದು ಹಳಿಗಳ ಮೇಲಿನ ಉದ್ದದ ಜಡ್ ಸೇತುವೆ ದಾಟಿ ಬರುತ್ತಾರೆ. ನವಿ ಮುಂಬೈಯವರು ಕುರ್ಲಾದಲ್ಲಿ ಗಾಡಿ ಬದಲಿಸುತ್ತಾರೆ. ಹಾಗಾಗಿ ಮೂರು ದಿಕ್ಕಿಗೆ ಚದುರಿದ ಕುಟುಂಬಕ್ಕೆ ಯಾರಿಗೂ ಹೆಚ್ಚು ದೂರವಾಗದ ಜಾಗ ಇದೊಂದೇ. ಫಾಸ್ಟ್ ಲೋಕಲ್ ಮಾತ್ರ ಇಲ್ಲಿ ನಿಲ್ಲುವುದಿಲ್ಲ, ಸ್ಲೋ ಗಾಡಿಯನ್ನೇ ಹಿಡಿಯಬೇಕು. ಅಂದಹಾಗೆ, ಸ್ಟೇಷನ್ ಮಾಸ್ತರರಿಂದ ಹಿಡಿದು ಟಿಕೇಟು ಕೊಡುವವರವರೆಗೆ ಎಲ್ಲರೂ ಮಹಿಳೆಯರೇ ಇರುವ ದೇಶದ ಮೊದಲ ರೈಲು ನಿಲ್ದಾಣ ಎಂದು 2017ರಲ್ಲಿ ಹೆಸರಾದದ್ದು ಈ ಮಾಟುಂಗವೇ.

ಈ ಬಡಾವಣೆ ಹುಟ್ಟಿದ್ದರ ಹಿಂದೆ ಒಂದು ದೊಡ್ಡ ಸಾವುನೋವಿನ ಕಥೆಯಿದೆ. 1896ರಲ್ಲಿ ಮುಂಬೈಗೆ ಪ್ಲೇಗ್ ಬಡಿಯಿತು. ಕಿಕ್ಕಿರಿದ ಹಳೆಯ ಪೇಟೆಯಿಂದ ಜನರನ್ನು ಹೊರಗೆ ಹರಡಬೇಕೆಂದು 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ಅದು ದಾದರ್, ಮಾಟುಂಗ, ಸಯಾನ್ ಭಾಗಗಳಲ್ಲಿ ಅಗಲವಾದ ರಸ್ತೆ, ಉದ್ಯಾನ, ಸಾಲುಮರಗಳನ್ನಿಟ್ಟು ಹೊಸ ಬಡಾವಣೆಗಳನ್ನು ರೂಪಿಸಿತು. ಕಚೇರಿ, ರೈಲ್ವೆಗಳಲ್ಲಿ ಗುಮಾಸ್ತಗಿರಿ ಹುಡುಕಿ ಬಂದ ದಕ್ಷಿಣದ ಜನ ಇಲ್ಲಿ ಬಾಡಿಗೆಗೆ ಬಂದರು. ಅವರಲ್ಲಿ ತಮಿಳರು ಹೆಚ್ಚು. ಕೊಂಕಣಿ, ತುಳು, ಕನ್ನಡ ಆಡುವವರೂ ಸೇರಿಕೊಂಡರು. ಜನ ಬಂದ ಮೇಲೆ ಅಕ್ಕಿ, ಕಾಫಿಪುಡಿ, ಬಾಳೆಲೆ, ಮಲ್ಲಿಗೆಯ ಅಂಗಡಿಗಳು ಬಂದವು. ಅವುಗಳ ಬೆನ್ನಿಗೇ ಊಟದ ಮನೆಗಳು. ಇಂದಿಗೂ ಅಲ್ಲಿನ ಹೂವಿನ ಗಲ್ಲಿಗೆ ಹೋದರೆ ನಮ್ಮೂರ ಜಾತ್ರೆಯ ದಿನದ ರಥಬೀದಿಯ ಪರಿಮಳವೇ ಮೂಗಿಗೆ ಬಡಿಯುತ್ತದೆ.

ಆ ಊಟದ ಮನೆಗಳ ಹಿರಿಯಣ್ಣ ಎಂದು ಎಲ್ಲರೂ ಒಪ್ಪುವ ಹೆಸರು ಎ. ರಾಮ ನಾಯಕರದು. ಕರಾವಳಿಯಿಂದ ಬಾಲಕನಾಗಿ ಬಂದು ಪಾತ್ರೆ ತೊಳೆಯುತ್ತ ಕೆಲಸ ಕಲಿತವರು ಎಂದು ಮಾಟುಂಗದ ಹಿರಿಯರು ಹೇಳುತ್ತಾರೆ. 1936ರಲ್ಲಿ ಕಿಂಗ್ಸ್ ಸರ್ಕಲಿನಲ್ಲಿ ಕೆಫೆ ಮೈಸೂರು, 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಎರಡೂ ಈಗಲೂ ನಡೆಯುತ್ತಿವೆ. ಬೋರ್ಡಿಂಗ್ ತೆರೆದಾಗ ಎರಡನೆಯ ಮಹಾಯುದ್ಧದ ಕಾಲ. ಮರುವರ್ಷವೇ ಮುಂಬೈಯಲ್ಲಿ ಧಾನ್ಯಕ್ಕೆ ರೇಷನ್ ಬಂತು. ಅಕ್ಕಿಯನ್ನು ಅಳೆದು ಕೊಡುತ್ತಿದ್ದ ದಿನಗಳಲ್ಲಿ ಹೊಟ್ಟೆ ತುಂಬ ಅನ್ನ ಬಡಿಸುವ ವ್ಯಾಪಾರ ನಡೆಸುವುದಕ್ಕೆ ಲಾಭದ ಲೆಕ್ಕ ಸಾಲದು, ಎದೆಗಾರಿಕೆ ಬೇಕು. ಅದು ಅವರಲ್ಲಿತ್ತು.

ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ಎದುರಿಗೇ ಮಾರುಕಟ್ಟೆ ಕಟ್ಟಡ. ಕೆಳಗೆ ತರಕಾರಿ, ತೆಂಗಿನಕಾಯಿಯ ಗದ್ದಲ. ಮೆಟ್ಟಿಲು ಹತ್ತಿ ಮೊದಲ ಮಹಡಿಯ ಬೋರ್ಡಿಂಗಿಗೆ ಹೋದರೆ ಗಲ್ಲಾದ ಮುಂದೆ ಸರತಿ. ಮೊದಲು ಕೂಪನ್ ತೆಗೆದುಕೊಳ್ಳಬೇಕು. ತಟ್ಟೆಯ ಊಟವಾದರೆ ಅಳತೆಯದು, ಎಲೆಯ ಊಟವಾದರೆ ಬೇಕಾದಷ್ಟು. ನನ್ನ ಮಾತು ಕೇಳುವುದಾದರೆ ಎಲೆಯನ್ನೇ ತೆಗೆದುಕೊಳ್ಳಿ. ಸರತಿಯಲ್ಲಿ ನಿಂತವರನ್ನು ನೋಡಿದರೂ ಸಾಕು, ಮುಂಬೈಯ ಅರ್ಧ ಪರಿಚಯ ಆಗುತ್ತದೆ: ಸೀರೆ ಖರೀದಿಗೆ ಬಂದ ಗುಜರಾತಿ ತಾಯಿ–ಮಗಳು, ಬ್ಯಾಂಕಿನಿಂದ ನಿವೃತ್ತರಾದ ಮರಾಠಿ ಗೃಹಸ್ಥರು, ಬೆನ್ನಿಗೆ ಚೀಲ ಹಾಕಿದ ಕಾಲೇಜು ಹುಡುಗರು, ಊರಿಂದ ಅಂದೇ ಬೆಳಿಗ್ಗೆ ರೈಲಿಳಿದ ನಮ್ಮಂಥವರು.

ಎಲೆ ಹಾಸಿದ ಕೂಡಲೇ ನೀರು ಚಿಮುಕಿಸಿ ಒರೆಸಬೇಕು. ಆಮೇಲೆ ನೀವು ಕೈಕಟ್ಟಿ ಕುಳಿತರೆ ಸಾಕು. ಪಲ್ಯ ಹಿಡಿದವರು, ತೊವ್ವೆ ಹಿಡಿದವರು, ಸಾರಿನ ಬಕೆಟ್ಟಿನವರು ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಮೊದಲು ಬಿಸಿ ಚಪಾತಿ ಅಥವಾ ಪೂರಿ, ಬಳಿಕ ಅನ್ನ, ಸಾಂಬಾರು, ಸಾರು, ಹಪ್ಪಳ, ಕೊನೆಗೆ ಮೊಸರು ಅಥವಾ ಮಜ್ಜಿಗೆ. ಊಟದ ವಿಶೇಷ ಏನೆಂದು ಕೇಳಿದರೆ ಸಾರು ಎಂದೇ ಹೇಳುತ್ತೇನೆ: ತಿಳಿಯಾಗಿ, ಹುಳಿ ಮುಂದೆ, ಖಾರ ಹಿಂದೆ, ಮೇಲೊಂದು ಒಗ್ಗರಣೆಯ ಘಮ. ಎರಡನೆಯ ಸಲ ಹಾಕಿಸಿಕೊಳ್ಳದೆ ಎದ್ದವರನ್ನು ನಾನು ನೋಡಿಲ್ಲ. ಇದರಲ್ಲಿ ಮದುವೆಯೂಟದ ಆಡಂಬರ ಇಲ್ಲ. ಮನೆಯಲ್ಲಿ ಅಮಾವಾಸ್ಯೆ, ಸಂಕ್ರಮಣಕ್ಕೆ ಮಾಡುವ ಅಡುಗೆಯ ಹದ ಇದೆ. ಎಂಟು ದಶಕ ಆ ಹದವನ್ನು ಕೆಡಿಸದೆ ಕಾಯ್ದುಕೊಂಡು ಬರುವುದು ಒಂದು ಕುಶಲಕಲೆ. ನೇಯ್ಗೆ, ಎರಕಗಳನ್ನು ಗೌರವಿಸುವಂತೆ ಇದನ್ನೂ ಗೌರವಿಸಬೇಕು.

ಅಲ್ಲಿ ನಮ್ಮ ಕುಟುಂಬ ಕಳೆದ ಬಾರಿ ಸೇರಿದಾಗ ಒಂದೇ ಸಾಲಿನಲ್ಲಿ ಜಾಗ ಸಿಗಲಿಲ್ಲ. ದೊಡ್ಡಮ್ಮ ಕಿಟಕಿಯ ಬದಿಯಲ್ಲಿ, ಚಿಕ್ಕಪ್ಪ ಎದುರಿನ ಮೇಜಿನಲ್ಲಿ, ಮಕ್ಕಳು ಇನ್ನೆಲ್ಲೋ. ದೊಡ್ಡಮ್ಮ ಕೂತಲ್ಲಿಂದಲೇ ವಿಚಾರಣೆ ಶುರುಮಾಡಿದರು.

"ಎಂತ ಮಾರಾಯ, ಒಬ್ಬನೇ ಬಂದದ್ದಾ? ಅಮ್ಮನ ಗಂಟುನೋವು ಹೇಗುಂಟು?"

"ಪರವಾಗಿಲ್ಲ ದೊಡ್ಡಮ್ಮ. ಮೆಟ್ಟಿಲು ಹತ್ತಲಿಕ್ಕೆ ಆಗುವುದಿಲ್ಲ, ಅಷ್ಟೇ."

"ಮತ್ತೆ ಹಳೇ ಮನೆ ಮಾಡಿಗೆ ಹಂಚು ಹೊದೆಸಿದ್ರಾ? ಮಳೆಗೆ ಮುಂಚೆ ಮಾಡ್ಸಿ. ನಾನೂ ಸ್ವಲ್ಪ ದುಡ್ಡು ಕೊಡ್ತೇನೆ. ಅಪ್ಪ ಕಟ್ಟಿಸಿದ ಮನೆ, ಬೀಳ್ಲಿಕ್ಕೆ ಬಿಡಬಾರದು."

ಅಲ್ಲಿಂದ ಮಾತು ನಾಗನ ತಂಬಿಲ ಯಾವಾಗ, ಯಾರ ಮಗಳಿಗೆ ಎಲ್ಲಿ ಸಂಬಂಧ ಬಂತು, ಯಾರದು ಮುರಿಯಿತು, ಜಾಗದ ಪಾಲು ಎಲ್ಲಿಗೆ ಮುಟ್ಟಿತು ಎಂಬಲ್ಲಿಗೆ ಹೋಯಿತು. ವರ್ಷಗಳಿಂದ ಮಾತು ಬಿಟ್ಟಿದ್ದ ಇಬ್ಬರು ಭಾವಂದಿರು ಸರತಿಯಲ್ಲಿ ಅಕ್ಕಪಕ್ಕ ನಿಂತಿದ್ದರಿಂದ ಮಾತಾಡಲೇಬೇಕಾಯಿತು. ಒಬ್ಬರು ಇನ್ನೊಬ್ಬರ ಕೂಪನ್ನಿನ ಹಣವನ್ನೂ ಕೊಟ್ಟರು. ಯಾರದಾದರೂ ಮನೆಯಲ್ಲಿ ಸೇರಿದ್ದರೆ ಇವರಿಬ್ಬರಲ್ಲಿ ಒಬ್ಬರು ಬರುತ್ತಲೇ ಇರಲಿಲ್ಲ. ಬೋರ್ಡಿಂಗ್ ಯಾರ ಮನೆಯೂ ಅಲ್ಲ, ಆದ್ದರಿಂದಲೇ ಎಲ್ಲರೂ ಬರುತ್ತಾರೆ. ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರದಲ್ಲಿ ಸಂಸಾರ ನಡೆಸುವವರಿಗೆ ಹತ್ತು ಜನ ನೆಂಟರನ್ನು ಕರೆದು ಕೂರಿಸಲು ಜಾಗವಿಲ್ಲ ಎಂಬ ಸಂಕೋಚವೂ ಇಲ್ಲಿ ಇರುವುದಿಲ್ಲ. ಮುಂಬೈಯಂಥ ಊರಿನಲ್ಲಿ ಇದು ಸಣ್ಣ ಉಪಕಾರ ಅಲ್ಲ.

ಊರು–ಮುಂಬೈ ನಡುವೆ ಸುದ್ದಿ ಹರಿಯುವುದಕ್ಕೆ ಹೋಟೆಲುಗಳು ಮೊದಲಿಂದಲೂ ಕಾಲುವೆಯಾಗಿದ್ದವು. ಕೆಲಸಕ್ಕೆ ಸೇರಿದ ಮಾಣಿಗಳು ಹೋಟೆಲಿನಲ್ಲೇ ಮಲಗುತ್ತಿದ್ದರು. ಅವರಿಗೆ ಬರುವ ಕಾಗದಗಳೂ ಹೋಟೆಲಿನ ವಿಳಾಸಕ್ಕೇ ಬರುತ್ತಿದ್ದವು. ಹಗಲು ಮೇಜು ಒರೆಸಿ, ರಾತ್ರಿ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ಕುಳಿತು ಮೆಟ್ರಿಕ್ ಪಾಸು ಮಾಡಿದವರ ಒಂದು ದೊಡ್ಡ ತಲೆಮಾರೇ ಇದೆ. ಅವರಲ್ಲಿ ಹಲವರು ಬ್ಯಾಂಕು, ಕಚೇರಿ, ವಕೀಲಿಕೆ ಸೇರಿದರು, ಮತ್ತೆ ಕೆಲವರು ತಮ್ಮದೇ ಹೋಟೆಲು ತೆರೆದರು. ಹಿಂದೆ ಬರುವವರು ಮಂಗಳೂರಿನಿಂದ ಆಗಬೋಟಿನಲ್ಲಿ ಬಂದರು, ಆಮೇಲೆ ಘಟ್ಟ ಹತ್ತಿ ಇಳಿಯುವ ಬಸ್ಸುಗಳಲ್ಲಿ ಮೈನೋಯಿಸಿಕೊಂಡು ಬಂದರು. ಆಗ ಮುಂಬೈಗೆ ಹೋಗುವುದೆಂದರೆ ವರ್ಷಕ್ಕೊಮ್ಮೆ ಊರಿಗೆ ಬರುವ ಲೆಕ್ಕ. ರೋಹಾದಿಂದ ಮಂಗಳೂರಿನ ಹತ್ತಿರದ ತೋಕೂರಿನವರೆಗೆ ಸುಮಾರು 740 ಕಿ.ಮೀ. ಉದ್ದದ ಕೊಂಕಣ ರೈಲು ಮಾರ್ಗ 1998ರಲ್ಲಿ ಪೂರ್ತಿಯಾದ ಮೇಲೆ ಎಲ್ಲ ಬದಲಾಯಿತು. ಮತ್ಸ್ಯಗಂಧದಲ್ಲಿ ಮಧ್ಯಾಹ್ನ ಮಂಗಳೂರು ಬಿಟ್ಟರೆ ಮರುದಿನ ಬೆಳಿಗ್ಗೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್. ಎರಡು ದಿನ ಇದ್ದು ಬರುವ ಪ್ರವಾಸ ಸಾಧ್ಯವಾದದ್ದು ಆ ರೈಲಿನಿಂದಲೇ.

ಊಟದ ಮನೆಯಲ್ಲಿ ಬಾಯಿಂದ ಬಾಯಿಗೆ ಹೋಗುವ ಸುದ್ದಿಗೆ ಸಂಘಗಳು ಕಾಗದ, ಮಸಿ ಕೊಟ್ಟವು. ಮುಂಬೈಯ ನಮ್ಮವರು ಸಂಘ ಕಟ್ಟುವುದರಲ್ಲಿ ಯಾರಿಗೂ ಕಡಿಮೆಯಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು. ಮಾಟುಂಗದ ಭಾವುದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ ಹುಟ್ಟಿದ್ದು 1926ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಷನ್ 1932ರಲ್ಲಿ, ಮಾಹಿಮಿನ ಕರ್ನಾಟಕ ಸಂಘ 1933ರಲ್ಲಿ. ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರದಲ್ಲಿ ನಾಟಕ, ಯಕ್ಷಗಾನ ನೋಡದೆ ಬೆಳೆದ ಮುಂಬೈ ಕನ್ನಡಿಗರು ಅಪರೂಪ. ಮೈಸೂರು ಅಸೋಸಿಯೇಷನ್ 'ನೇಸರು', ಮೊಗವೀರ ಮಂಡಳಿ 'ಮೊಗವೀರ', ಬಿಲ್ಲವರು 'ಅಕ್ಷಯ', ಬಂಟರು 'ಬಂಟರವಾಣಿ' ಎಂಬ ಮಾಸಪತ್ರಿಕೆಗಳನ್ನು ತಂದರು. ಅವುಗಳಲ್ಲಿ ಕಥೆ, ಕವಿತೆ, ವಿಚಾರ ಲೇಖನ ಇರುತ್ತವೆ. ಆದರೆ ಮನೆಯ ಹಿರಿಯರು ಮೊದಲು ತೆರೆಯುವ ಪುಟ ಬೇರೆ: ಯಾರ ಮದುವೆ ಆಯಿತು, ಯಾರ ಮಗ ಸಿ.ಎ. ಪಾಸಾದ, ಯಾರು ತೀರಿಕೊಂಡರು, ಉತ್ತರಕ್ರಿಯೆ ಎಲ್ಲಿ.

ದಿನದ ಸುದ್ದಿಗೆ 'ಕರ್ನಾಟಕ ಮಲ್ಲ' ಇದೆ, ಮುಂಬೈಯಲ್ಲೇ ಅಚ್ಚಾಗುವ ಕನ್ನಡ ದಿನಪತ್ರಿಕೆ. ಅದನ್ನು ಹುಟ್ಟುಹಾಕಿದ ಮುರಳೀಧರ ಶಿಂಗೋಟೆ ಮರಾಠಿಗರು. ಪತ್ರಿಕೆ ಮಾರುವ ಕೆಲಸದಿಂದ ಮೇಲೆ ಬಂದು ಪತ್ರಿಕೆಗಳ ಒಡೆಯರಾದವರು. ಯಾವ ಊರಿನ ಜನ ಎಲ್ಲಿ ವಾಸವಾಗಿದ್ದಾರೆ, ಅವರಿಗೆ ಬೆಳಿಗ್ಗೆ ಏನು ಓದಬೇಕಾಗಿರುತ್ತದೆ ಎಂಬುದು ಅವರಿಗೆ ಬೀದಿಯಿಂದಲೇ ಗೊತ್ತಿತ್ತು. ಮರಾಠಿಗರೊಬ್ಬರು ಮುಂಬೈ ಕನ್ನಡಿಗರಿಗೆ ಕನ್ನಡ ಪತ್ರಿಕೆ ಕೊಟ್ಟರು ಎಂಬುದನ್ನು ಗಡಿಯ ಜಗಳ ಕೇಳಿಬಂದಾಗಲೆಲ್ಲ ನಾವು ನೆನೆಯಬೇಕು.

ಈಗ ವಾಟ್ಸ್‌ಆ್ಯಪ್ ಬಂದಿದೆ, ಇಷ್ಟೆಲ್ಲ ಏಕೆ ಎಂದು ಮಕ್ಕಳು ಕೇಳುತ್ತಾರೆ. ಹುಟ್ಟಿದ ಸುದ್ದಿ, ಸತ್ತ ಸುದ್ದಿ ಅದರಲ್ಲಿ ಕ್ಷಣಮಾತ್ರದಲ್ಲಿ ಬರುತ್ತದೆ, ನಿಜ. ಆದರೆ ಸಾಲ ಮಾಡಿದ್ದು, ಸಂಬಂಧ ಮುರಿದದ್ದು, ಅಪ್ಪನಿಗೆ ನೆನಪು ತಪ್ಪುತ್ತಿರುವುದು ಯಾರ ಗ್ರೂಪಿನಲ್ಲೂ ಬರುವುದಿಲ್ಲ. ಎದುರು ಕುಳಿತವರ ಮುಖ ನೋಡಿ, ಮಜ್ಜಿಗೆ ಕುಡಿಯುವ ಹೊತ್ತಿಗೆ ಮೆಲ್ಲನೆ ಹೇಳುವ ಮಾತುಗಳು ಅವು. ಅಂಥ ಮಾತಿಗೆ ಜಾಗ ಬೇಕು, ಬಿಡುವು ಬೇಕು. ಹಾಗೆ ಹೇಳಿದ ಮೇಲೆಯೇ ಯಾರಾದರೊಬ್ಬರು "ನಾನು ನೋಡಿಕೊಳ್ತೇನೆ" ಎನ್ನುವುದು.

ಊಟ ಮುಗಿದ ಮೇಲೂ ಸಮಯ ಉಳಿದರೆ ಕಿಂಗ್ಸ್ ಸರ್ಕಲಿನತ್ತ ನಡೆಯಬಹುದು. 1940ರಲ್ಲಿ ಶುರುವಾದ ಕೆಫೆ ಮದ್ರಾಸಿನ ಮುಂದೆ ಭಾನುವಾರ ಬೆಳಿಗ್ಗೆ ಹೆಸರು ಬರೆಸಿ ಕಾಯುವವರ ಗುಂಪು ರಸ್ತೆಯವರೆಗೆ ಬರುತ್ತದೆ. ಅಲ್ಲಿನ ರಸಂ ಇಡ್ಲಿ, ನೀರ್‌ದೋಸೆಗೆ ಅಷ್ಟು ಕಾಯುವುದು ತಪ್ಪಲ್ಲ. ಗಣೇಶ ಚತುರ್ಥಿಯ ಹೊತ್ತಿಗೆ ಹೋದರೆ ಜಿ.ಎಸ್.ಬಿ. ಸೇವಾ ಮಂಡಲದ ಗಣಪತಿಯನ್ನು ನೋಡದೆ ಬರಬೇಡಿ. 1955ರಿಂದ ನಡೆದುಬಂದ, ಐದು ದಿನಗಳ ಉತ್ಸವ ಅದು. ಊರಿನ ನೆಂಟರೆಲ್ಲ ಅಲ್ಲೇ ಸಿಕ್ಕಿಬಿಡುತ್ತಾರೆ.

ಚಿಂತೆಯ ಮಾತೂ ಇದೆ. ರಾತ್ರಿಶಾಲೆಗಳು ಒಂದೊಂದಾಗಿ ಬಾಗಿಲು ಹಾಕಿವೆ. ಹೋಟೆಲಿನವರ ಮಕ್ಕಳು ಹೋಟೆಲು ನಡೆಸಲು ಬರುತ್ತಿಲ್ಲ. ಎಷ್ಟೋ ಉಡುಪಿ ಹೋಟೆಲುಗಳ ಜಾಗದಲ್ಲಿ ಬಾರುಗಳು, ಬ್ಯಾಂಕುಗಳು ಬಂದಿವೆ. ಸಂಘಗಳ ಸಭೆಯಲ್ಲಿ ನರೆಗೂದಲಿನವರೇ ಹೆಚ್ಚು. ಮಾಟುಂಗದ ಬೋರ್ಡಿಂಗ್ ಉಳಿದದ್ದು ಹಳೆಯ ಕಾಲದ ಮೇಲಿನ ಮೋಹದಿಂದಲ್ಲ, ಮನೆತನದ ಮುಂದಿನ ತಲೆಮಾರು ದಿನವೂ ನಿಂತು ದುಡಿಯುತ್ತಿರುವುದರಿಂದ, ಮತ್ತು ಅಲ್ಲಿ ಜನ ಉಣ್ಣುತ್ತಿರುವುದರಿಂದ. ಸಂಘಗಳೂ ಹಾಗೆಯೇ, ಜನ ಹೋದರೆ ಮಾತ್ರ ಉಳಿಯುತ್ತವೆ.

ಆದ್ದರಿಂದ ಮುಂದಿನ ಬಾರಿ ಎರಡು ದಿನಕ್ಕೆ ಮುಂಬೈಗೆ ಹೊರಟರೆ ನೆಂಟರಿಗೆಲ್ಲ ಒಂದು ಮಧ್ಯಾಹ್ನ ಗೊತ್ತುಮಾಡಿ ಮೊದಲೇ ಹೇಳಿ. ಕುರ್ಲಾದಿಂದ ಸ್ಲೋ ಲೋಕಲ್ ಹಿಡಿದರೆ ಸಯಾನ್ ಬಿಟ್ಟು ಮುಂದಿನದೇ ಮಾಟುಂಗ. ಆಟೋ ನಂಬಬೇಡಿ, ಅದು ಸಯಾನಿನಿಂದ ಈಚೆಗೆ ಬರುವಂತಿಲ್ಲ. ಭಾನುವಾರ ಹೋಗುವುದಾದರೆ ಹನ್ನೆರಡಕ್ಕೆ ಮೊದಲೇ ಸರತಿಯಲ್ಲಿರಿ. ವಯಸ್ಸಾದವರಿದ್ದರೆ ಮೆಟ್ಟಿಲು ಹತ್ತಬೇಕೆಂಬುದು ನೆನಪಿರಲಿ. ಸೋಮವಾರ ಬೋರ್ಡಿಂಗಿಗೆ ರಜೆ.