ಮಗು ಓದಲು ಹಿಂಜರಿದರೆ: ಕಲಿಕೆ ಮತ್ತು ವರ್ತನೆಯ ತೊಂದರೆಗಳನ್ನು ಅರಿಯುವುದು ಹೇಗೆ?

ಮೂರನೇ ತರಗತಿಯ ಹುಡುಗ. ಅಜ್ಜಿಯ ಬಾಯಿಂದ ಕೇಳಿ ಕಲಿತ ಸ್ತೋತ್ರವನ್ನು ತಪ್ಪಿಲ್ಲದೆ ಹೇಳುತ್ತಾನೆ. ಅಂಗಡಿಗೆ ಕಳಿಸಿದರೆ ಚಿಲ್ಲರೆ ಸರಿಯಾಗಿ ಎಣಿಸಿ ತರುತ್ತಾನೆ. ಆದರೆ ಅದೇ ಸ್ತೋತ್ರದ ಪುಸ್ತಕ ಕೈಗೆ ಕೊಟ್ಟರೆ ಒಂದೊಂದು ಅಕ್ಷರಕ್ಕೂ ನಿಲ್ಲುತ್ತಾನೆ. ‘ಭ’ ಇರುವಲ್ಲಿ ‘ಬ’ ಬರೆಯುತ್ತಾನೆ, ಒತ್ತಕ್ಷರ ಬಿಟ್ಟುಬಿಡುತ್ತಾನೆ. ಹೋಂವರ್ಕ್ ಹೊತ್ತಿಗೆ ಹೊಟ್ಟೆನೋವು ಎನ್ನುತ್ತಾನೆ. ಮನೆಯವರ ತೀರ್ಮಾನ ಒಂದೇ: “ಬುದ್ಧಿ ಇದೆ, ಸೋಮಾರಿ.”

ಇಂತಹ ಮಕ್ಕಳು ಅನೇಕ ಕುಟುಂಬಗಳಲ್ಲಿದ್ದಾರೆ. ಬೈಗುಳ ಕೇಳುತ್ತಾ ಬೆಳೆದ ಮಗು ಕೆಲವೇ ವರ್ಷಗಳಲ್ಲಿ ತಾನು ದಡ್ಡ ಎಂದು ತಾನೇ ನಂಬಿಬಿಡುತ್ತದೆ. ಆ ನಂಬಿಕೆಯನ್ನು ತೆಗೆಯುವುದು ಓದು ಕಲಿಸುವುದಕ್ಕಿಂತ ಕಷ್ಟ. ಆದ್ದರಿಂದ ಪೋಷಕರು ಬೇಗ ಗುರುತಿಸುವುದು ಮುಖ್ಯ.

ಕಲಿಕಾ ತೊಂದರೆ ಎಂದರೇನು?

ಬುದ್ಧಿಶಕ್ತಿ ಸಾಮಾನ್ಯವಾಗಿದ್ದು, ಶಾಲೆ ಮತ್ತು ಪಾಠ ಸರಿಯಾಗಿ ದೊರೆತೂ ಓದು, ಬರಹ ಅಥವಾ ಲೆಕ್ಕದಲ್ಲಿ ಮಾತ್ರ ಮಗು ತೀರಾ ಹಿಂದುಳಿದರೆ ಅದನ್ನು ನಿರ್ದಿಷ್ಟ ಕಲಿಕಾ ನ್ಯೂನತೆ ಎನ್ನುತ್ತಾರೆ. ಓದಿನ ತೊಂದರೆಗೆ ಡಿಸ್ಲೆಕ್ಸಿಯಾ, ಬರಹದ ತೊಂದರೆಗೆ ಡಿಸ್‌ಗ್ರಾಫಿಯಾ, ಲೆಕ್ಕದ ತೊಂದರೆಗೆ ಡಿಸ್‌ಕ್ಯಾಲ್ಕುಲಿಯಾ ಎಂದು ಹೆಸರು. ಡಿಸ್ಲೆಕ್ಸಿಯಾ ಕಣ್ಣಿನ ದೋಷದಿಂದ ಬರುವುದಲ್ಲ. ಮಾತಿನ ಧ್ವನಿಗಳನ್ನು ಬಿಡಿಸಿ ಅಕ್ಷರಗಳಿಗೆ ಜೋಡಿಸುವ ಮಿದುಳಿನ ಕೆಲಸ ನಿಧಾನವಾಗುವುದರಿಂದ ಬರುತ್ತದೆ. ಅನೇಕ ಮನೆತನಗಳಲ್ಲಿ ಇದು ವಂಶದಲ್ಲೇ ಸಾಗಿಬರುತ್ತದೆ. “ನಾನೂ ಚಿಕ್ಕವನಿದ್ದಾಗ ಹೀಗೇ ಇದ್ದೆ” ಎಂದು ತಂದೆ ಹೇಳಿದರೆ ಅದನ್ನು ವೈದ್ಯರಿಗೂ ತಿಳಿಸಬೇಕು.

ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ನಿಜ. ಆದರೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಮಗು ನೂರಾರು ರೂಪಗಳನ್ನು ಗುರುತಿಸಬೇಕು. ಆದ್ದರಿಂದ ಒಂದನೇ ತರಗತಿಯಲ್ಲಿ ತಪ್ಪು ಸಹಜ. ಮೂರನೇ ತರಗತಿ ಮುಗಿಯುತ್ತಾ ಬಂದರೂ ಸರಳ ವಾಕ್ಯ ಓದಲು ತಡವರಿಸಿದರೆ ಕಾಯುತ್ತಾ ಕೂರಬಾರದು.

ಗಮನ ನಿಲ್ಲದ ಮಕ್ಕಳು

ಎಡಿಎಚ್‌ಡಿ ಇರುವ ಮಗು ಕುಳಿತಲ್ಲಿ ಕೂರುವುದಿಲ್ಲ, ಸರದಿ ಕಾಯುವುದಿಲ್ಲ, ಪುಸ್ತಕ-ಪೆನ್ಸಿಲ್ ಕಳೆದುಕೊಳ್ಳುತ್ತದೆ. ಗಲಾಟೆ ಮಾಡದೆ ಸುಮ್ಮನೆ ಕಿಟಕಿಯಾಚೆ ನೋಡುತ್ತಾ ಕೂರುವ ಮಕ್ಕಳಲ್ಲೂ ಇದಿರಬಹುದು. ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ ಇದು ಗಮನಕ್ಕೆ ಬರುವುದು ತಡ. ಚುರುಕಾದ ಮಕ್ಕಳಿಗೆಲ್ಲ ಈ ಹೆಸರು ಹಚ್ಚುವಂತಿಲ್ಲ. ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು, ಕನಿಷ್ಠ 6 ತಿಂಗಳು ಇರಬೇಕು, ಮನೆ ಮತ್ತು ಶಾಲೆಯಂತಹ ಎರಡು ಕಡೆಯಾದರೂ ತೊಂದರೆ ಕೊಡುತ್ತಿರಬೇಕು. ಇದನ್ನು ತಜ್ಞರೇ ನಿರ್ಧರಿಸಬೇಕು.

ಹಠದ ಹಿಂದೆ ಕಾರಣ

ಸಂಜೆ ಓದಲು ಕೂರಿಸಿದರೆ ಮಗು ಪುಸ್ತಕ ಎಸೆಯುತ್ತದೆ ಎಂದುಕೊಳ್ಳಿ. ಅದಕ್ಕೆ ಮುಂಚೆ ಏನಾಯಿತು? ನೆಂಟರ ಮಕ್ಕಳ ಮುಂದೆ ಗಟ್ಟಿಯಾಗಿ ಓದಲು ಹೇಳಿದ್ದರು. ಆಮೇಲೆ ಏನಾಯಿತು? ಬೈದು ಎಬ್ಬಿಸಿ ಕಳಿಸಿದರು, ಓದು ತಪ್ಪಿತು. ಅವಮಾನದಿಂದ ಪಾರಾಗುವ ದಾರಿ ಮಗುವಿಗೆ ಸಿಕ್ಕಿತು. ಹೀಗೆ ‘ಮುಂಚೆ, ಆಗ, ಆಮೇಲೆ’ ಎಂದು ಒಂದು ನೋಟ್‌ಬುಕ್‌ನಲ್ಲಿ ಎರಡು ವಾರ ಬರೆದಿಟ್ಟರೆ ಹಠದ ಕಾರಣ ಹೆಚ್ಚಾಗಿ ತಾನೇ ಕಾಣುತ್ತದೆ. ತಜ್ಞರಿಗೂ ಈ ಟಿಪ್ಪಣಿ ಬಹಳ ಉಪಯುಕ್ತ.

ಮೊದಲ ಹೆಜ್ಜೆ ಯಾವುದು?

ಮೊದಲು ಕಣ್ಣು ಮತ್ತು ಕಿವಿಯ ಪರೀಕ್ಷೆ ಮಾಡಿಸಬೇಕು. ಸರಿಯಾಗಿ ಕೇಳಿಸದ ಮಗುವೂ ಹೇಳಿದ ಮಾತು ಕೇಳದ ಮಗುವಿನಂತೆಯೇ ಕಾಣುತ್ತದೆ. ನಿದ್ದೆಯ ಕೊರತೆ, ರಕ್ತಹೀನತೆ, ಕ್ಷಣಹೊತ್ತು ಮೈಮರೆಸುವ ಒಂದು ಬಗೆಯ ಮೂರ್ಛೆರೋಗ ಇವೂ ಗಮನ ಕೆಡಿಸುತ್ತವೆ. ಮಕ್ಕಳ ವೈದ್ಯರು ಇವನ್ನು ನೋಡಿದ ಬಳಿಕ ಮನಶ್ಶಾಸ್ತ್ರಜ್ಞರಿಂದ ಬುದ್ಧಿಮಟ್ಟ ಮತ್ತು ಕಲಿಕೆಯ ಪರೀಕ್ಷೆ ನಡೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ, ಧಾರವಾಡದ ಡಿಮ್ಹಾನ್ಸ್, ಮಾತು-ಶ್ರವಣದ ತೊಂದರೆಗಳಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ರಾಜ್ಯದ ಪ್ರಮುಖ ಸಾರ್ವಜನಿಕ ಸಂಸ್ಥೆಗಳು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು-ರಾತ್ರಿ ಉಚಿತವಾಗಿ ಕರೆ ಮಾಡಬಹುದು.

ಮನೆಯಲ್ಲಿ ಮಾಡಬಹುದಾದದ್ದು

- ದಿನಕ್ಕೆ 15 ನಿಮಿಷ ಜೊತೆಗೆ ಕುಳಿತು ಓದುವುದು. ಮೊದಲು ದೊಡ್ಡವರು ಬೆರಳಿಟ್ಟು ಓದಲಿ, ಅದೇ ವಾಕ್ಯವನ್ನು ಮಗು ಓದಲಿ.
- ತಪ್ಪಾದ ಪದವನ್ನು ನೂರು ಸಲ ಬರೆಸದೆ, ತಟ್ಟೆಯಲ್ಲಿ ಅಕ್ಕಿ ಹರಡಿ, ಧ್ವನಿ ಹೇಳುತ್ತಾ ಬೆರಳಿನಿಂದ ಬರೆಸುವುದು.
- ಒಂದು ಸಲಕ್ಕೆ ಒಂದೇ ಸೂಚನೆ. “ಕೈ ತೊಳೆ, ಬಟ್ಟೆ ಬದಲಿಸು, ಪುಸ್ತಕ ತೆಗೆ” ಎಂದು ಒಟ್ಟಿಗೆ ಹೇಳಿದರೆ ಕೊನೆಯದು ಮರೆತುಹೋಗುತ್ತದೆ.
- “ಜಾಣ” ಎನ್ನುವುದಕ್ಕಿಂತ “ಇವತ್ತು ಒತ್ತಕ್ಷರ ಬಿಡದೆ ಓದಿದೆ” ಎಂದು ಮೆಚ್ಚುವುದು.
- ಅಣ್ಣ, ತಂಗಿ, ನೆರೆಮನೆಯ ಮಕ್ಕಳೊಂದಿಗೆ ಹೋಲಿಸದಿರುವುದು.

ಎಡಿಎಚ್‌ಡಿಗೆ ಕೆಲವೊಮ್ಮೆ ವೈದ್ಯರು ಔಷಧಿಯನ್ನೂ ಸೂಚಿಸುತ್ತಾರೆ. ಅದನ್ನು ಯಾರದೋ ಮಾತು ಕೇಳಿ ನಿಲ್ಲಿಸಬಾರದು. ಹಸಿವು ಕಡಿಮೆಯಾದರೆ, ನಿದ್ದೆ ಬಾರದಿದ್ದರೆ ವೈದ್ಯರಿಗೇ ಹೇಳಬೇಕು.

ಕಾನೂನು ಏನು ಹೇಳುತ್ತದೆ?

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಮತ್ತು ಆಟಿಸಂ ಸೇರಿವೆ. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರಂತಹ ಸೌಲಭ್ಯ ಕೇಳಬಹುದು. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದಾಗ ಓಡಾಡುವ ಬದಲು ಎಂಟನೇ ತರಗತಿಯಲ್ಲೇ ಶಾಲೆಯೊಂದಿಗೆ ಮಾತನಾಡುವುದು ಒಳ್ಳೆಯದು. ಮಗುವನ್ನು ಹೊಡೆಯುವುದು, ಹೀಯಾಳಿಸುವುದು ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಸೆಕ್ಷನ್ ಪ್ರಕಾರ ಶಾಲೆಗಳಲ್ಲಿ ನಿಷಿದ್ಧ.

“ಹೊರಗೆ ಗೊತ್ತಾದರೆ ಜನ ಏನಂದಾರು, ನಾಳೆ ಸಂಬಂಧ ಕೂಡಿಬರುವುದು ಹೇಗೆ” ಎಂಬ ಅಳುಕಿನಿಂದ ಅನೇಕ ಕುಟುಂಬಗಳು ಪರೀಕ್ಷೆ ಮಾಡಿಸುವುದನ್ನೇ ಮುಂದೂಡುತ್ತವೆ. ಹಾಗೆ ಕಳೆದುಹೋಗುವುದು ಮಗುವಿನ ಕಲಿಯುವ ವರ್ಷಗಳು. ಓದು ನಿಧಾನವಾದ ಮಗುವೂ ಸರಿಯಾದ ಕಲಿಸುವಿಕೆಯಿಂದ ಓದು ಕಲಿಯುತ್ತದೆ. ಅದಕ್ಕೆ ಬೇಕಾದ ಧೈರ್ಯ ಮೊದಲು ಮನೆಯಿಂದಲೇ ಸಿಗಬೇಕು.